ಪೈಪಿನ ಮೊದಲ ನೀರು

ಅಕ್ಕ ತೀರಿಕೊಂಡ ಸುದ್ದಿ ನನಗೆ ಭದ್ರಾವತಿಯಲ್ಲಿ ತಿಳಿಯಿತು. ಪುಷ್ಯ ಮಾಸದ ಒಂದು ಸೋಮವಾರ, ಬೆಳಗಿನ ಹನ್ನೊಂದು ಗಂಟೆಯ ಹೊತ್ತು. ಅಲ್ಲಿನ ನಿವೃತ್ತರ ಸಂಘದವರು ಚಳಿಗಾಲದಲ್ಲಿ ನೀರು, ಕರೆಂಟು ಉಳಿಸುವ ಬಗ್ಗೆ ನಾಲ್ಕು ಮಾತು ಹೇಳಲು ನನ್ನನ್ನು ಕರೆಸಿದ್ದರು. ನಾನು ಮೇಜಿನ ಮೇಲೆ ಒಂದು ತುಂಡು ಪೈಪು ಇಟ್ಟುಕೊಂಡು, ಅದಕ್ಕೆ ಗೋಣಿತಾಟು ಸುತ್ತುವುದು ಹೇಗೆಂದು ತೋರಿಸುತ್ತಿದ್ದೆ.

"ಹೀಗೆ ಸುತ್ತಿದ್ರೆ ಸೋಲಾರ್ ನೀರು ಪೈಪಲ್ಲಿ ಆರೋದಿಲ್ಲ. ನಮ್ಮನೇಲಿ ನಲ್ಲಿ ತಿರುಗಿಸಿದ ಕೂಡ್ಲೇ ಬಿಸಿನೀರು ಬರುತ್ತೆ. ಒಂದು ಚೊಂಬು ತಣ್ಣೀರೂ ಚರಂಡಿಗೆ ಹೋಗಲ್ಲ. ಹನ್ನೊಂದು ವರ್ಷದಿಂದ ಹೀಗೇ ಇದೆ" ಎಂದೆ.

ಸಂಘದ ಅಧ್ಯಕ್ಷ ಉಜ್ಜನಪ್ಪ ನನ್ನ ಹಳೆಯ ಸ್ನೇಹಿತ. ಮುಂದಿನ ಸಾಲಿನಲ್ಲಿ ಕುಳಿತಿದ್ದವನು ನಕ್ಕ. "ಗಂಗಾಧರಪ್ಪ, ನೀನು ಬಾಯಿ ಮುಕ್ಕಳಿಸಿದ ನೀರನ್ನೂ ಕರಿಬೇವಿನ ಗಿಡಕ್ಕೇ ಉಗಿಯೋನು. ನಿನ್ನ ಮಾತು ಕೇಳ್ಕೊಂಡು ಮನೆಗೆ ಹೋದ್ರೆ ನಮ್ಮನೆಯೋಳು ನನ್ನನ್ನ ಒಳಗೆ ಸೇರ್ಸಲ್ಲ ಮಾರಾಯ."

ಎಲ್ಲರೂ ನಗುತ್ತಿರುವಾಗಲೇ ಫೋನು ಬಂತು. ನನ್ನ ಹೆಂಡತಿ ಜಗದಾಂಬಾ ಮಾಡಿದ್ದಳು. "ರೀ, ಅಕ್ಕ ಹೋಗ್ಬಿಟ್ರು" ಎಂದಳು.

ಹಿಂದಿನ ದಿನ ಕೆಮ್ಮು ಹೆಚ್ಚಾಗಿ ಅಕ್ಕನನ್ನು ಆಸ್ಪತ್ರೆಗೆ ಸೇರಿಸಿದ್ದೆವು. ಎದೆಯಲ್ಲಿ ಕಫ ಕಟ್ಟಿದೆ, ವಯಸ್ಸಾಗಿದೆ, ನೋಡೋಣ ಎಂದಿದ್ದರು ಡಾಕ್ಟರು. ಆ ಬೆಳಿಗ್ಗೆ ನಾನು ಭದ್ರಾವತಿಗೆ ಹೋಗುವುದಿಲ್ಲ ಎಂದಾಗ ಅಕ್ಕನೇ ಮೂಗಿನ ಮಾಸ್ಕು ಸರಿಸಿ, "ಒಪ್ಕೊಂಡ ಮೇಲೆ ಹೋಗಿ ಬಾರೋ. ಜನ ಕಾಯ್ತಿರ್ತಾರೆ" ಎಂದಿದ್ದಳು. ರಾತ್ರಿ ಆಸ್ಪತ್ರೆಯಲ್ಲೇ ಉಳಿದಿದ್ದ ನಾನು ಅಲ್ಲೇ ಮಿಂದು ಹೊರಟುಬಿಟ್ಟೆ. ವಾಪಸು ಬರುವಾಗ ಬಸ್ಸು ಮಲವಗೊಪ್ಪ ದಾಟಿದ ಮೇಲೆ ನೋಡಿಕೊಂಡರೆ, ಗೋಣಿ ಸುತ್ತಿದ ಆ ಪೈಪಿನ ತುಂಡು ನನ್ನ ತೊಡೆಯ ಮೇಲೇ ಇತ್ತು.

ಅಕ್ಕನ ಹೆಸರು ಬಸವರಾಜೇಶ್ವರಿ. ಮನೆಯವರಿಗೆಲ್ಲ ರಾಜಕ್ಕ. ನಮ್ಮ ಅವ್ವ ತೀರಿಕೊಂಡಾಗ ನನಗೆ ಆರು ವರ್ಷ, ಅವಳಿಗೆ ಹದಿನೈದು. ಅಂದಿನಿಂದ ನನಗೆ ಸ್ನಾನ ಮಾಡಿಸಿ, ಉಣ್ಣಿಸಿ, ಹಣೆಗೆ ವಿಭೂತಿ ಹಚ್ಚಿ ಬೆಳೆಸಿದವಳು ಅವಳು. ಚಳಿಗಾಲದಲ್ಲಿ ಹಂಡೆಯ ನೀರನ್ನು ಮೊದಲು ತನ್ನ ಅಂಗೈ ಮೇಲೆ ಸುರಿದುಕೊಂಡು ಹದ ನೋಡುತ್ತಿದ್ದಳು. ಅದಾದ ಮೇಲೆಯೇ ನನ್ನ ಬೆನ್ನಿಗೆ ಹಾಕುತ್ತಿದ್ದಳು. ಅವಳನ್ನು ಭದ್ರಾವತಿಯ ಕಾರ್ಖಾನೆಯಲ್ಲಿ ಕೆಲಸದಲ್ಲಿದ್ದವರಿಗೆ ಕೊಟ್ಟಿತ್ತು. ಮಕ್ಕಳಾಗಲಿಲ್ಲ. ಭಾವ ಹೋದ ಮೇಲೆ ಶಿವಮೊಗ್ಗದ ನಮ್ಮ ಮನೆಗೆ ಬಂದಳು. ಬರುವಾಗ ಒಂದು ಟ್ರಂಕು, ಒಂದು ತಾಮ್ರದ ಹಂಡೆ, ಇಷ್ಟೇ ತಂದಿದ್ದಳು.

ಆ ಹಂಡೆಯನ್ನು ಹಿತ್ತಲ ಬಚ್ಚಲಿನಲ್ಲಿ ಅವಳೇ ಕೂರಿಸಿದಳು. ಅಡಕೆ ಸಿಪ್ಪೆ, ತೆಂಗಿನ ಕರಟ, ಒಣಗಿದ ಎಲೆ, ಬೀದಿಯಲ್ಲಿ ಯಾರಿಗೂ ಬೇಡವಾದದ್ದು ಅದರ ಒಲೆಗೆ ಸಾಕಾಗುತ್ತಿತ್ತು. ಬೂದಿಯಲ್ಲಿ ಪಾತ್ರೆ ಬೆಳಗುತ್ತಿದ್ದಳು. ಹೀರೇಕಾಯಿಯ ನಾರು ಅವಳ ಬ್ರಷ್ಷು. ಹಳೆಯ ಸೀರೆಗಳನ್ನು ಒಂದರ ಮೇಲೊಂದು ಹಾಸಿ ಹೊಲಿದ ಕೌದಿಗಳನ್ನೇ ನಾವು ಮೂವರೂ ಹೊದೆಯುತ್ತಿದ್ದೆವು. ಮಿತವಾಗಿ ಬದುಕುವುದನ್ನು ನಾನು ಊರಿಗೆಲ್ಲ ಹೇಳಿದೆ. ಬದುಕಿದವಳು ಅವಳು.

ನಾನು ವಿದ್ಯುತ್ ಇಲಾಖೆಯಲ್ಲಿ ಮೀಟರ್ ಓದುವ ಕೆಲಸ ಮಾಡಿ ನಿವೃತ್ತನಾದವನು. ಮನೆ ಮನೆಯ ಮೀಟರು ನೋಡಿ ನೋಡಿ ಯಾರ ಮನೆಯಲ್ಲಿ ಏನು ಪೋಲಾಗುತ್ತಿದೆ ಎಂದು ಹೇಳುವ ಅಭ್ಯಾಸವಾಗಿತ್ತು. ಕೆಲಸ ಬಿಡುವುದಕ್ಕೆ ಸ್ವಲ್ಪ ಮೊದಲು ಎರಡನೇ ಮಹಡಿಯ ತಾರಸಿಯ ಮೇಲೆ ಸೋಲಾರ್ ಹಾಕಿಸಿದೆ. ಗೀಸರು ತೆಗೆಸಿದೆ. ಹಂಡೆಯನ್ನೂ ಕೀಳಿಸಿದೆ.

ಅಕ್ಕ ಬಾಯಿಬಿಟ್ಟು ಕೇಳಿದ್ದು ಅದೊಂದೇ. "ಹಂಡೆ ಇರ್ಲಿ ಬಿಡೋ ಮಾರಾಯ, ಚಳಿಗಾಲಕ್ಕೆ."

"ಹೊಗೆ ಅಕ್ಕ. ಬೀದಿಗೆಲ್ಲ ಹೊಗೆ. ಸೂರ್ಯ ಪುಕ್ಕಟೆ ಕೊಡುವಾಗ ಸೌದೆ ಯಾಕೆ ಸುಡ್ಬೇಕು?"

"ಕೊಡ್ತಾನೆ. ಬೆಳಗ್ಗೆ ಐದು ಗಂಟೆಗೆ ಕೊಡ್ತಾನಾ, ಕೇಳಿದ್ಯಾ?"

ನಾನು ನಕ್ಕು, ಹಂಡೆಯನ್ನು ಅಟ್ಟದ ಮೇಲೆ ಹಾಕಿಸಿದೆ.

ಆ ಸೋಮವಾರ ಸಂಜೆಯೇ ಅಕ್ಕನನ್ನು ಭದ್ರಾವತಿಗೆ ಒಯ್ದು ಭಾವನ ಸಮಾಧಿಯ ಪಕ್ಕದಲ್ಲೇ ಮಣ್ಣು ಮಾಡಿದೆವು. ಅವಳ ಇಷ್ಟಲಿಂಗವನ್ನು ಅವಳ ಅಂಗೈಯಲ್ಲೇ ಇಟ್ಟೆವು. ನಮ್ಮಲ್ಲಿ ಸೂತಕ ಎಂಬುದಿಲ್ಲ. ಸಾವಾದ ಮನೆಯಲ್ಲೂ ಮರುದಿನದ ಲಿಂಗಪೂಜೆ ತಪ್ಪಬಾರದು. ಹಾಗಾಗಿ ಮರುದಿನ ಬೆಳಿಗ್ಗೆ ಎಂದಿನಂತೆ ಐದೂವರೆಗೆ ಬಚ್ಚಲಿಗೆ ಹೋದೆ. ನಲ್ಲಿ ತಿರುಗಿಸಿ ಎರಡು ಚೊಂಬು ಮೈಮೇಲೆ ಸುರಿದುಕೊಂಡೆ. ಉಸಿರು ಕಟ್ಟಿದಂತಾಯಿತು. ಕೊರೆಯುವ ತಣ್ಣೀರು. ನಲ್ಲಿ ನಿಲ್ಲಿಸಿ ಒದ್ದೆ ಮೈಯಲ್ಲೇ ಹೊರಗೆ ಬಂದೆ.

"ಸೋಲಾರ್ ಕೆಟ್ಟಿದೆ" ಎಂದೆ.

ಜಗದಾಂಬಾ ಗ್ಯಾಸಿನ ಮೇಲೆ ನೀರು ಕಾಯಿಸಿ ಕೊಟ್ಟಳು. ಮಧ್ಯಾಹ್ನ ಪ್ಲಂಬರ್ ಜಯಕುಮಾರನಿಗೆ ಫೋನು ಮಾಡಿದೆ. ಸೋಲಾರ್ ಕೂರಿಸಿದವನೂ ಅವನೇ. ಮರುದಿನ ಬೆಳಿಗ್ಗೆ ನಾವು ನಲ್ಲಿ ಮುಟ್ಟುವ ಮೊದಲೇ, ಆರಕ್ಕೇ ಬಂದ. ಮೇಲೆ ಹತ್ತಿ ನೋಡಿದ, ಇಳಿದು ಬಂದು ಬಚ್ಚಲಿನ ನಲ್ಲಿ ತಿರುಗಿಸಿ ಕೆಳಗೆ ಬಕೆಟ್ ಇಟ್ಟ. ಬಕೆಟ್ ತುಂಬಿತು. ಕೈ ಅದ್ದಿ ನೋಡಿದೆ, ತಣ್ಣಗೆ ಕೊರೆಯುತ್ತಿತ್ತು. ಅದನ್ನು ಪಕ್ಕಕ್ಕಿಟ್ಟು ಇನ್ನೊಂದು ಬಕೆಟ್ ಹಿಡಿದ. ಅದರಲ್ಲಿ ಹಬೆಯಾಡತೊಡಗಿತು.

"ಏನೂ ಕೆಟ್ಟಿಲ್ಲ ಸಾರ್. ಚೆನ್ನಾಗಿ ಕಾದಿದೆ."

"ಮೊದಲ ಬಕೆಟ್ ಯಾಕೆ ಹಾಗೆ ಬಂತು?"

"ಎರಡು ಮಹಡಿ ಮೇಲಿಂದ ಈ ಹಿತ್ತಲವರೆಗೆ ಎಪ್ಪತ್ತು ಅಡಿ ಪೈಪು. ರಾತ್ರಿಯೆಲ್ಲ ಅದ್ರೊಳಗೆ ನಿಂತ ನೀರು ಆರದೆ ಇನ್ನೇನಾಗುತ್ತೆ? ಅದು ಹೊರಗೆ ಬಂದ ಮೇಲೇ ಬಿಸಿ ಬರೋದು. ಸೋಲಾರ್ ಸಾರ್ ಇದು, ಮಂತ್ರ ಅಲ್ಲ."

"ನಮ್ಮನೇಲಿ ಹಾಗಿರ್ಲಿಲ್ಲಪ್ಪ. ಹನ್ನೊಂದು ವರ್ಷ ತಿರುಗಿಸಿದ ಕೂಡ್ಲೇ ಬಿಸಿ ಬರ್ತಿತ್ತು. ಗೋಣಿ ಸುತ್ತಿದೀನಲ್ಲ."

ಜಯಕುಮಾರ ನಕ್ಕ. "ಮೇಲೆ ಹತ್ತಿ ನೋಡಿ ಎಷ್ಟು ವರ್ಷ ಆಯ್ತು ಸಾರ್? ಗೋಣಿ ಯಾವತ್ತೋ ಲಡ್ಡಾಗಿ ಹೋಗಿದೆ. ಅಳಿಲು ಗೂಡು ಕಟ್ಟಿದೆ. ಹೊಸದೇ ಇದ್ರೂ ರಾತ್ರಿಯೆಲ್ಲ ಬಿಸಿ ಹಿಡ್ಕೊಳ್ಳಲ್ಲ." ಆಮೇಲೆ ತನ್ನ ಚೀಲ ಕಟ್ಟುತ್ತ, "ನಿಮಗಿಂತ ಮುಂಚೆ ಯಾರೋ ಸ್ನಾನ ಮಾಡ್ತಿದ್ರು ಅನ್ಸುತ್ತೆ. ತಣ್ಣೀರು ಅವರ ಪಾಲಿಗೆ, ಬಿಸಿನೀರು ನಿಮ್ಮ ಪಾಲಿಗೆ. ನಮ್ಮನೇಲೂ ನಾನೇ ಎರಡನೇದು" ಎಂದ.

ಅವನು ತಮಾಷೆಗೆ ಹೇಳಿದ. ನನ್ನ ಮುಖ ನೋಡಿ ಚೀಲ ಹೆಗಲಿಗೇರಿಸಿಕೊಂಡ.

ನಮ್ಮ ಮನೆಯಲ್ಲಿ ಮೊದಲು ಸ್ನಾನ ಮಾಡುತ್ತಿದ್ದವಳು ಅಕ್ಕ. ಐದಕ್ಕೆ ಮಿಂದು, ಪೂಜೆಗೆ ಪತ್ರೆ, ಹೂವು ಕೊಯ್ದು, ಮಣೆ ಹಾಕಿ, ವಿಭೂತಿಯ ಕರಡಿಗೆ ತೆಗೆದಿಡುತ್ತಿದ್ದಳು. ಐದೂವರೆಗೆ ನಾನು, ಆಮೇಲೆ ಜಗದಾಂಬಾ. ನಾನು ಪೂಜೆಗೆ ಕೂತಾಗ ವಿಭೂತಿಯ ಗಟ್ಟಿಯನ್ನು ಅಕ್ಕ ನನ್ನ ಕೈಗೆ ಕೊಡುವಳು. ಅವಳ ಬೆರಳುಗಳು ಯಾವಾಗಲೂ ತಣ್ಣಗಿರುತ್ತಿದ್ದವು. ನಾನು ವಯಸ್ಸು ಎಂದುಕೊಂಡೆ. "ಬಿಸಿಲಲ್ಲಿ ಕೂತ್ಕೊ ಅಕ್ಕ" ಎಂದು ಎಷ್ಟು ಸಲ ಹೇಳಿದ್ದೇನೆ. ಅವಳು ತಾರಸಿ ಹತ್ತಿ ಸೋಲಾರಿನ ಪಕ್ಕದಲ್ಲೇ ಕೂತು ಕೂದಲು ಒಣಗಿಸಿಕೊಳ್ಳುತ್ತಿದ್ದಳು. "ನೀರು ಹದವಾಗಿತ್ತಾ?" ಎಂದರೆ "ಹದವಾಗಿತ್ತು ಕಣೋ" ಎನ್ನುವಳು.

ಆಗ ನನಗೆ ಇನ್ನೊಂದು ನೆನಪಾಯಿತು. ಸೋಲಾರ್ ಹಾಕಿಸಿದ ಮೊದಲ ವಾರ. ಬೆಳಿಗ್ಗೆ ಬಚ್ಚಲಿನಿಂದ ನೀರು ಹರಿಯುವ ಸದ್ದು ಕೇಳಿ ಹೋಗಿದ್ದೆ. ಅಕ್ಕ ಬಾಗಿಲಲ್ಲಿ ನಿಂತು, ಬಿಸಿನೀರು ಬರಲೆಂದು ನಲ್ಲಿಯನ್ನು ಚರಂಡಿಗೆ ಬಿಟ್ಟುಕೊಂಡು ಕಾಯುತ್ತಿದ್ದಳು. ನಾನು ಮೀಟರಿನವನ ದನಿಯಲ್ಲಿ ಹೇಳಿದ್ದೆ, "ದಿನಕ್ಕೊಂದು ಬಕೆಟ್ ಚರಂಡಿಗೆ ಬಿಟ್ರೆ ವರ್ಷಕ್ಕೆ ಎಷ್ಟಾಯ್ತು ಅಕ್ಕ? ನೀರಿಲ್ದೆ ಜನ ಸಾಯ್ತಿದಾರೆ." ಅವಳು ಕೂಡಲೇ ನಲ್ಲಿ ನಿಲ್ಲಿಸಿದ್ದಳು. ಮಾರನೆಯ ದಿನವೇ ನಾನು ಮೇಲೆ ಹತ್ತಿ ಗೋಣಿ ಸುತ್ತಿದೆ. ಅಂದಿನಿಂದ ನನಗೆ ಬಿಸಿನೀರು ತಕ್ಷಣ ಸಿಕ್ಕಿತು. ಗೋಣಿಯ ಮಹಿಮೆ ಎಂದು ನಂಬಿ, ಹನ್ನೊಂದು ವರ್ಷ ಶಿವಮೊಗ್ಗದ ಬೀದಿ ಬೀದಿಯಲ್ಲಿ, ಕೊನೆಗೆ ಭದ್ರಾವತಿಯಲ್ಲಿ, ಅದನ್ನೇ ಸಾರಿದೆ. ಒಂದು ದಿನವಾದರೂ ಐದು ಗಂಟೆಗೆ ಎದ್ದು ಆ ನಲ್ಲಿಗೆ ನಾನೇ ಮೊದಲು ಕೈ ಒಡ್ಡಿದ್ದರೆ ತಿಳಿಯುತ್ತಿತ್ತು.

ಜಯಕುಮಾರ ಹೋದ ಮೇಲೆ ಜಗದಾಂಬಾಳನ್ನು ಕೇಳಿದೆ. "ನಿನಗೆ ಗೊತ್ತಿತ್ತಾ?"

ಅವಳು ಅಕ್ಕಿ ಆರಿಸುತ್ತಿದ್ದ ಮೊರವನ್ನು ಕೆಳಗಿಟ್ಟಳು. "ಒಂದ್ಸಲ ನೋಡಿದ್ದೆ. ಆ ನೀರನ್ನ ಗಿಡಕ್ಕೆ ಹಾಕಿ, ಬಿಸಿ ಬಂದ ಮೇಲೆ ಸ್ನಾನ ಮಾಡಿ ಅಂದೆ. ತುಂಬಿದ ಬಕೆಟ್ ಕತ್ತಲಲ್ಲಿ ಹಿತ್ತಲ ಮೆಟ್ಟಿಲು ಇಳಿಸೋಕೆ ನನ್ನ ಸೊಂಟಕ್ಕೆ ಆಗಲ್ಲ ತಾಯಿ ಅಂದ್ರು. ಬಿಸಿನೀರು ಹಾಕ್ಕೊಂಡ್ರೆ ತಲೆ ಸುತ್ತುತ್ತೆ ಅಂತಾನೂ ಅಂದ್ರು. ನಂಬ್ಬಿಟ್ಟೆ."

"ನನಗೆ ಹೇಳ್ಬಾರ್ದಿತ್ತಾ?"

"ಹೇಳ್ಬೇಡ ಅಂದಿದ್ರು. ಹೇಳಿದ್ರೆ ನೀವು ಅದಕ್ಕೂ ಒಂದು ಲೆಕ್ಚರು ಕೊಡ್ತಿದ್ರಿ" ಎಂದಳು. ಅನ್ನುತ್ತಲೇ ಸೆರಗಿನಿಂದ ಕಣ್ಣು ಒರೆಸಿಕೊಂಡಳು.

ಮರುದಿನ ಬೆಳಿಗ್ಗೆ ಐದಕ್ಕೆ ಎದ್ದು, ಮೊದಲ ಬಕೆಟ್ ಹಿಡಿದು, ಆ ನೀರಿನಲ್ಲೇ ಸ್ನಾನ ಮಾಡಬೇಕೆಂದು ಕೂತೆ. ಒಂದು ಚೊಂಬು ಎತ್ತಿದ್ದೆನಷ್ಟೆ, ಜಗದಾಂಬಾ ಬಂದು ಬಾಗಿಲು ತಟ್ಟಿದಳು. "ಮನೇಲಿ ಒಂದು ಸಾವು ಸಾಲ್ದಾ? ಆ ನೀರು ಅಕ್ಕನ ಪತ್ರೆ ಗಿಡಕ್ಕೆ ಹಾಕಿ. ಅಷ್ಟು ದೂರ ಹೊತ್ಕೊಂಡು ಹೋಗಿ ಹಾಕಿ. ಅವರ ಕೈಲಿ ಆಗ್ದೇ ಇದ್ದದ್ದು ಅದೊಂದೇ."

ನಾನು ಬಕೆಟ್ ಎತ್ತಿಕೊಂಡು ಹಿತ್ತಲ ಐದು ಮೆಟ್ಟಿಲು ಇಳಿದೆ. ಕತ್ತಲಲ್ಲಿ ಇಬ್ಬನಿ ಬೀಳುತ್ತಿತ್ತು. ನೀರು ಕಾಲ ಮೇಲೆ ತುಳುಕಿತು. ಅರವತ್ತೊಂಬತ್ತರ ನನ್ನ ಸೊಂಟವೇ ಎರಡು ಸಲ ನಿಲ್ಲಿಸಿಕೊಂಡಿತು. ಅವಳಿಗೆ ಎಪ್ಪತ್ತೆಂಟು.

ತಣ್ಣೀರಿನಿಂದಲೇ ಹೀಗಾಯಿತಾ ಎಂದು ಡಾಕ್ಟರನ್ನು ಕೇಳಿದೆ. ಹಾಗೆ ಹೇಳಲು ಬರುವುದಿಲ್ಲ, ಈ ವಯಸ್ಸಿನಲ್ಲಿ ನೂರು ಕಾರಣ ಇರುತ್ತವೆ ಎಂದರು. ಅವರ ಮಾತಿನಿಂದ ನನಗೆ ಬಿಡುಗಡೆ ಸಿಗಲಿಲ್ಲ. ಅವಳು ಯಾವುದರಿಂದ ಸತ್ತಳೋ ಶಿವನಿಗೆ ಗೊತ್ತು. ಹನ್ನೊಂದು ಚಳಿಗಾಲ ನನ್ನ ಮಾತಿಗಾಗಿ ನಡುಗಿದಳು ಎಂಬುದು ಈಗ ನನಗೆ ಗೊತ್ತು.

ಹನ್ನೊಂದನೆಯ ದಿನ ಭದ್ರಾವತಿಯಲ್ಲಿ, ಭಾವನ ಅಣ್ಣನ ಮಗನ ಮನೆಯಲ್ಲಿ, ಶಿವಗಣಾರಾಧನೆ ಆಯಿತು. ಜಂಗಮರ ಪ್ರಸಾದ ಮುಗಿದ ಮೇಲೆ ಉಜ್ಜನಪ್ಪ ಪಕ್ಕದಲ್ಲಿ ಬಂದು ಕುಳಿತ. ದುಃಖದ ಮಾತು ಮುಗಿಸಿ ಮೆಲ್ಲಗೆ, "ಇದು ಹೇಳೋ ಹೊತ್ತಲ್ಲ. ಆದ್ರೂ ನಿನಗೆ ಸಮಾಧಾನ ಆಗ್ಲಿ ಅಂತ ಹೇಳ್ತೀನಿ. ಆವತ್ತು ನಿನ್ನ ಮಾತು ಕೇಳಿದ ಏಳೆಂಟು ಜನ ಪೈಪಿಗೆ ಗೋಣಿ ಸುತ್ತಿದಾರೆ. ನಾನೂ ಸುತ್ತಿದೀನಿ. ಬಹಳ ಚೆನ್ನಾಗಿದೆ ಮಾರಾಯ. ನಲ್ಲಿ ತಿರುಗಿಸ್ತಿದ್ದಂಗೆ ಬಿಸಿ" ಎಂದ.

"ನಿಮ್ಮನೇಲಿ ಮೊದಲು ಸ್ನಾನ ಮಾಡೋರು ಯಾರು?" ಎಂದು ಕೇಳಿದೆ.

"ನಮ್ಮ ಸೊಸೆ ಸುಮನಾ. ಕೂಸಿನ ತಾಯಿ, ಬೇಗ ಏಳ್ತಾಳೆ. ಯಾಕೆ?"

ಆ ಕ್ಷಣದಲ್ಲಿ ಸುಮ್ಮನಿದ್ದರೆ ನನ್ನ ಹೆಸರು ಉಳಿಯುತ್ತಿತ್ತು. ಪಂಕ್ತಿಯಲ್ಲಿ ಕುಳಿತವರಲ್ಲಿ ಅರ್ಧ ಜನ ಆ ಸಂಘದವರೇ. ನಾನು ಎದ್ದು ನಿಂತೆ. ನುಡಿನಮನಕ್ಕೆ ಎದ್ದಿದ್ದಾನೆಂದು ಎಲ್ಲರೂ ಮಾತು ನಿಲ್ಲಿಸಿದರು.

"ನಾನು ನಿಮಗೆ ಹೇಳಿದ್ದು ಸುಳ್ಳು" ಎಂದೆ. "ಗೋಣಿಯಿಂದ ಏನೂ ಆಗ್ಲಿಲ್ಲ. ಪೈಪಿನ ತಣ್ಣೀರನ್ನ ದಿನಾ ನಮ್ಮಕ್ಕ ಮೈಮೇಲೆ ಹಾಕ್ಕೊಂಡ್ಳು. ಅದಕ್ಕೇ ನನಗೆ ಬಿಸಿ ಬಂತು. ಒಂದು ಹನಿ ಚರಂಡಿಗೆ ಹೋಗ್ಬಾರ್ದು ಅಂತ ಅವಳಿಗೆ ಬೈದೋನು ನಾನೇ. ನೀರು ಉಳಿಸಿ. ಬೇಡ ಅನ್ನಲ್ಲ. ಆದ್ರೆ ನಾಳೆ ಬೆಳಗ್ಗೆ ಮನೆಯ ಯಜಮಾನರು ಮೊದಲು ಎದ್ದು ಆ ಬಕೆಟ್ ಹಿಡೀರಿ. ನೀವೇ ಹೊತ್ಕೊಂಡು ಹೋಗಿ ಗಿಡಕ್ಕೆ ಹಾಕಿ. ಆಮೇಲೆ ಹೆಂಗಸರನ್ನ ಕರೀರಿ."

ಉಜ್ಜನಪ್ಪ ತಲೆ ತಗ್ಗಿಸಿಕೊಂಡು, ಜೇಬಿನಿಂದ ಫೋನು ತೆಗೆದು ಹೊರಗೆ ಹೋದ. "ಸುಮನಾ, ಬೆಳಗ್ಗೆ ನೀನು ಯಾವ ನೀರಲ್ಲಿ ಸ್ನಾನ ಮಾಡಿದೆ ತಾಯಿ?" ಎಂದು ಅವನು ಕೇಳುತ್ತಿದ್ದುದು ನನಗೆ ಕೇಳಿಸಿತು. ಉತ್ತರ ಕೇಳಿಸಲಿಲ್ಲ.

ಸಂಜೆ ನಾನೊಬ್ಬನೇ ರುದ್ರಭೂಮಿಗೆ ಹೋದೆ. ಮಣ್ಣು ಇನ್ನೂ ಹಸಿಯಾಗಿತ್ತು. ಆರಾಧನೆಯ ಮನೆಯಲ್ಲಿ ಕಾಯಿಸಿ ತಂದಿದ್ದ ಚೊಂಬಿನ ನೀರನ್ನು ಮೊದಲು ನನ್ನ ಅಂಗೈ ಮೇಲೆ ಸುರಿದುಕೊಂಡು ನೋಡಿದೆ. ಬೆಚ್ಚಗಿತ್ತು. ಅದನ್ನು ಸಮಾಧಿಯ ಮೇಲೆ ನಿಧಾನವಾಗಿ ಬಿಟ್ಟು, ಅವಳದೇ ಗಿಡದ ಮೂರು ಪತ್ರೆ ಇಟ್ಟು, ಕೈಮುಗಿದೆ.

ಶಿವನೇ, ನನ್ನ ಅಕ್ಕ ನಿನ್ನ ಬಳಿಗೆ ಬಂದಿದ್ದಾಳೆ. ಅವಳು ಕೇಳುವುದಿಲ್ಲ, ಅವಳಿಗೆ ಕೇಳಿ ಅಭ್ಯಾಸವಿಲ್ಲ. ಬಂದವರಿಗೆಲ್ಲ ಒಳ್ಳೆಯದನ್ನು ಬಿಟ್ಟು ಉಳಿದದ್ದನ್ನು ತಾನು ತೆಗೆದುಕೊಳ್ಳುತ್ತಾಳೆ. ನೀನೇ ನೋಡಿ ಕೊಡು. ನನ್ನ ತಪ್ಪಿಗೆ ನನ್ನನ್ನು ಕೇಳು, ಅವಳನ್ನು ಕೇಳಬೇಡ. ನಿನ್ನ ಸನ್ನಿಧಿಯಲ್ಲಿ ಅವಳಿಗೆ ಚಳಿಯಾಗದಿರಲಿ, ಅವಳ ಕೈ ಬೆಚ್ಚಗಾಗಲಿ, ಅವಳ ಜೀವಕ್ಕೆ ಶಾಂತಿ ಇರಲಿ.