ನಾಲ್ಕನೇ ರೂಮಿನ ಚಿಲಕ

ಹಿಂದೂಪುರದ ಆಸರೆ ಮನೆಯಲ್ಲಿ ನಾಲ್ಕನೇ ರೂಮು ಕಲ್ಪನಾಳದ್ದು. ಮಂಚ, ಹಾಸಿಗೆ, ಫ್ಯಾನು, ಕಿಟಕಿಗೆ ಹೂವಿನ ಪರದೆ, ಎಲ್ಲ ಇದ್ದವು. ಕಲ್ಪನಾ ಮಾತ್ರ ಇರುತ್ತಿರಲಿಲ್ಲ. ಹನ್ನೆರಡು ದಿನದಿಂದ ಅವಳು ಹೊರಗಿನ ಜಗಲಿಯಲ್ಲಿ, ಟ್ಯೂಬ್‌ಲೈಟಿನ ನೇರ ಕೆಳಗೆ, ಚಪ್ಪಲಿಯನ್ನೇ ತಲೆದಿಂಬು ಮಾಡಿಕೊಂಡು ಮಲಗುತ್ತಿದ್ದಳು. ಸೊಳ್ಳೆಗಳಿಗೆ ದಿನವೂ ಹಬ್ಬ.

ಹದಿನೆಂಟು ದಾಟಿದ, ಹೋಗಲು ಜಾಗವಿಲ್ಲದ ಹುಡುಗಿಯರಿಗಾಗಿ ಒಂದು ಟ್ರಸ್ಟು ನಡೆಸುತ್ತಿದ್ದ ಮನೆ ಅದು. ರೂಮು, ಊಟ, ಹೊಲಿಗೆ ಘಟಕದಲ್ಲಿ ಕೆಲಸ, ಜೊತೆಗೆ ಪ್ರತಿ ಶನಿವಾರ ಧೈರ್ಯದ ಬಗ್ಗೆ ಒಂದು ಭಾಷಣ. ಭಾಷಣದವರು ಕಾರಿನಲ್ಲಿ ಬಂದು, ಧೈರ್ಯ ಹಂಚಿ, ಬೋಂಡಾ ತಿಂದು ಹೋಗುತ್ತಿದ್ದರು. ಗಟ್ಟಿ ನಿಯಮ ಒಂದೇ: ಹದಿನೈದು ದಿನದೊಳಗೆ ರೂಮಿನಲ್ಲಿ ಮಲಗಲು ಶುರು ಮಾಡದಿದ್ದರೆ ಅದು ಪಟ್ಟಿಯಲ್ಲಿ ಕಾಯುತ್ತಿರುವ ಮುಂದಿನ ಹುಡುಗಿಗೆ.

ವಾರ್ಡನ್ ಭ್ರಮರಾಂಬ ಅಂಗಡಿ ಮನೆತನದವರು. ಹಣೆ ತುಂಬ ವಿಭೂತಿ, ಸೊಂಟ ತುಂಬ ಬೀಗದ ಕೈ. ಹದಿಮೂರನೇ ದಿನ ಬೆಳಿಗ್ಗೆ ಕಲ್ಪನಾಳನ್ನು ಹಿಡಿದು ನಿಲ್ಲಿಸಿಕೊಂಡರು. ಹಾಸಿಗೆ ಚುಚ್ಚುತ್ತದೆಯೇ, ಫ್ಯಾನು ಕಿರುಗುಟ್ಟುತ್ತದೆಯೇ, ದೆವ್ವವೇನಾದರೂ ಕಂಡಿತೇ ಎಂದು ವಿಚಾರಿಸಿದರು. ದೆವ್ವವಾದರೆ ಮುಚ್ಚಿಡಬಾರದು, ಸೋಮಂದೇಪಲ್ಲಿಯಲ್ಲಿ ಅದನ್ನು ಬಿಡಿಸುವುದು ಗೊತ್ತಿರುವವರು ಒಬ್ಬರಿದ್ದಾರೆ ಎಂದರು. ಕಲ್ಪನಾ ಎಲ್ಲಕ್ಕೂ ಇಲ್ಲವೆಂದು ತಲೆಯಾಡಿಸಿದಳು.

"ಇನ್ನೆರಡೇ ದಿನ ಕಣಮ್ಮ. ಆಮೇಲೆ ವಾಪಸ್ ಕಲ್ಯಾಣದುರ್ಗದ ಬಸ್‌ಸ್ಟ್ಯಾಂಡಿಗೆ ಹೋಯ್ತೀಯಾ?"

ಅಲ್ಲಿಗೆ ಹೋಗುವುದು ಅವಳಿಗೆ ಬೇಡವಾಗಿತ್ತು. ಎರಡು ವರ್ಷ ಅಲ್ಲೇ ಮಲಗಿ ಅದರ ಶಾಸ್ತ್ರ ಕಲಿತಿದ್ದಳು: ದೀಪದ ಕೆಳಗೆ, ಕಡಲೆಕಾಯಿ ಮಾರುವ ಮುದುಕಿಯರ ಪಕ್ಕ, ಕಂಡಕ್ಟರುಗಳ ಕಣ್ಣಿಗೆ ಬೀಳುವ ಹಾಗೆ. ಎಲ್ಲರಿಗೂ ಕಾಣುವವಳ ಹತ್ತಿರ ಯಾರೂ ಬರುವುದಿಲ್ಲ. ಅದಕ್ಕೂ ಮೊದಲು ಬೆಳುಗುಪ್ಪದಲ್ಲಿ, ಚಿಕ್ಕಪ್ಪನ ಮನೆಯಲ್ಲಿ ಅವಳಿಗೊಂದು ಕೋಣೆಯಿತ್ತು. ಅದರ ಚಿಲಕ ಹೊರಗಡೆ ಇತ್ತು.

"ರೂಮೊಳಗೆ ಯಾರ್ಗೂ ಕಾಣಾಕಿಲ್ಲ ಅಮ್ಮ," ಎಂದಳು. "ಯಾರಾನ ಬಾಗ್ಲು ತಳ್ಳಿದ್ರೆ?"

"ಒಳಗ್ಡೆ ಚಿಲಕ ಐತಲ್ಲೇ."

"ನಿಲ್ತದಾ?"

ಭ್ರಮರಾಂಬ ತಿರುಗಿ ನಾಲ್ಕನೇ ರೂಮಿನ ಬಾಗಿಲು ನೋಡಿದರು. ಟ್ರಸ್ಟಿನ ಅರ್ಜಿಯಲ್ಲಿ ಜಾತಿ, ರಕ್ತದ ಗುಂಪು, ಜೀವನದ ಗುರಿ, ಎಲ್ಲ ಕೇಳಿದ್ದರು. ಚಿಲಕದ ಬಗ್ಗೆ ಯಾರೂ ಕೇಳಿರಲಿಲ್ಲ.

"ಹೋಗಿ ಹಾಕ್ಕೋ. ನಾನೇ ತಳ್ತೀನಿ."

ಕಲ್ಪನಾ ಒಳಗೆ ಹೋಗಿ ಚಿಲಕ ಹಾಕಿ ಗೋಡೆಗೆ ಬೆನ್ನು ಕೊಟ್ಟು ನಿಂತಳು. ಮೊದಲು ಭುಜದ ಒಂದು ಗುದ್ದು ಬಿತ್ತು. ಆಮೇಲೆ ಓಡಿ ಬಂದು ಇನ್ನೊಂದು. ಅಷ್ಟೂ ಬೀಗದ ಕೈಗಳು ಒಟ್ಟಿಗೆ ಕಿರುಚಿದವು. ಕಾವಲಿನ ನರಸಪ್ಪ ಬೀಡಿ ಎಸೆದು ಬಂದು "ಏಮಾಯಿಂದಮ್ಮಾ" ಎಂದಿದ್ದು ಕೇಳಿಸಿತು. ಏನೂ ಆಗಿಲ್ಲ, ಬಾಯಿ ಮುಚ್ಚಿಕೊಂಡು ತಳ್ಳು ಎಂದು ಅವನಿಗೂ ಅಪ್ಪಣೆಯಾಯಿತು. ಇಬ್ಬರೂ ಎಣಿಸಿಕೊಂಡು ಅಪ್ಪಳಿಸಿದರು. ಚೌಕಟ್ಟಿನ ಪಕ್ಕದ ಗಾರೆ ಉದುರಿತು. ಕೆಲಸಕ್ಕೆ ಹೊರಟಿದ್ದ ಹುಡುಗಿಯರು ಹೊರಗೆ ಕಿಸಿಕಿಸಿ ನಗುತ್ತಿದ್ದರು. ಚಿಲಕ ಗಡಗಡ ನಡುಗಿತು, ಅಲ್ಲೇ ಇತ್ತು. ಕಲ್ಪನಾ ಕಣ್ಣು ಮಿಟುಕಿಸದೆ ಅದನ್ನೇ ನೋಡುತ್ತಿದ್ದಳು.

ಏಳನೇ ಗುದ್ದಿನ ನಂತರ ಬರೀ ಏದುಸಿರು. ಆಮೇಲೆ ಯಾರೋ ಬೆರಳಿನಿಂದ ಮೆಲ್ಲಗೆ ಬಾಗಿಲು ತಟ್ಟಿದರು.

"ಯಾರು?" ಎಂದಳು ಕಲ್ಪನಾ.

"ಯಾರೇನೇ? ಭುಜ ಮುರ್ಕೊಂಡೋಳು ಕಣೆ."

"ಹೆಸ್ರು ಹೇಳಿ."

ತಮ್ಮದೇ ಮನೆಯಲ್ಲಿ ಹೆಸರು ಹೇಳಿಕೊಳ್ಳುವ ಗತಿ ವಾರ್ಡನ್ನರಿಗೆ ಯಾವತ್ತೂ ಬಂದಿರಲಿಲ್ಲ.

"ಭ್ರಮರಾಂಬ," ಎಂದರು ಕೊನೆಗೆ. "ನರಸಪ್ಪನೂ ಅವ್ನೆ."

ಕಲ್ಪನಾ ಮಂಚದ ಮೇಲೆ ಕೂತು ಯೋಚಿಸಿದಳು. ಅವಸರವೇನಿರಲಿಲ್ಲ.

"ನರಸಪ್ಪಣ್ಣ ಗೇಟಿಗೆ ಹೋಗ್ಲಿ," ಎಂದಳು. "ನೀವು ಬನ್ನಿ."

ನರಸಪ್ಪನ ಚಪ್ಪಲಿಯ ಸದ್ದು ಗೇಟು ಮುಟ್ಟುವ ತನಕ ಕಾದು, ಎದ್ದು, ಅವಳೇ ಚಿಲಕ ತೆಗೆದಳು.