ಪಟ್ಟಿಯ ಅಂಟು

ಬೇಸಿಗೆ ಬಂತೆಂದರೆ ಜನ ಮಾವಿನಹಣ್ಣು ತಿಂದು ಫ್ಯಾನಿನ ಕೆಳಗೆ ಮಲಗುತ್ತಾರೆ. ಇಂಪನಾ ಹಿಮದಲ್ಲಿ ಜಾರಲು ರಷ್ಯಾಕ್ಕೆ ಹೊರಟಿದ್ದಳು. ಅದೂ ಎಲ್‌ಬ್ರೂಸ್ ಎಂಬ ಅಗ್ನಿಪರ್ವತದ ಮೇಲೆ.

"ಬೆಂಕಿ ಬೆಟ್ಟದ ಮೇಲೆ ಹಿಮ ಹೆಂಗ್ಲಾ ನಿಲ್ತದೆ?" ಎಂದು ಅತ್ತೆ ಪುಟ್ಟತಾಯಮ್ಮ ಮಗನನ್ನು ಕೇಳಿದರು.

"ಆ ಬೆಂಕಿ ಆರಿ ಎಷ್ಟೋ ಕಾಲ ಆಯ್ತಮ್ಮ. ಈಗ ಮೇಲೆಲ್ಲ ವರ್ಷಪೂರ್ತಿ ಮಂಜುಗಡ್ಡೆ," ಎಂದ ರಂಗನಾಥ್.

"ಆರಿದ್ದು ಮತ್ತೆ ಹತ್ಕಂಡ್ರೆ?"

ರಂಗನಾಥ್ ಡ್ಯೂಟಿಗೆ ಹೊತ್ತಾಯಿತೆಂದು ಚಪ್ಪಲಿ ಮೆಟ್ಟಿ ಹೊರಟ.

ಇಂಪನಾ ತುಮಕೂರಿನ ಒಂದು ಕಾಲೇಜಿನಲ್ಲಿ ಪಿ.ಟಿ. ಮೇಡಂ. ಎನ್‌ಸಿಸಿಯಲ್ಲಿದ್ದಾಗ ಗುಲ್ಮಾರ್ಗಿಗೆ ಹೋಗಿ ಸ್ಕೀ ಕಲಿತವಳು, ಮದುವೆಯಾದ ಮೇಲೂ ಆಗೀಗ ಹೋಗಿ ಬಂದವಳು. ಆದರೆ ಅಲ್ಲೆಲ್ಲ ಮೇಲಕ್ಕೆ ಒಯ್ಯಲು ಲಿಫ್ಟ್ ಇತ್ತು. ತನ್ನ ಕಾಲಿನ ಬಲದಲ್ಲೇ ದೊಡ್ಡ ಬೆಟ್ಟವೊಂದನ್ನು ಹತ್ತಿ ಅದರ ತುದಿಯಿಂದ ಜಾರಿ ಬರಬೇಕೆಂಬುದು ಅವಳ ಬಹುಕಾಲದ ಹುಚ್ಚು. ಗುಲ್ಮಾರ್ಗಿನ ಗೆಳತಿ ಪಲ್ಲವಿ ಹೆಂಗಸರದ್ದೇ ಒಂದು ತಂಡ ಕಟ್ಟಿ ಕರೆದಾಗ ಹಿಂದೆ ಮುಂದೆ ನೋಡದೆ ಹೂಂ ಅಂದುಬಿಟ್ಟಳು. ರಂಗನಾಥ್ ಊರಂಚಿನ ಸತ್ಯಮಂಗಲದ ಫ್ಯಾಕ್ಟರಿಯೊಂದರಲ್ಲಿ ಸೂಪರ್‌ವೈಸರ್, ಶಿಫ್ಟಿನ ಮನುಷ್ಯ. ಆರು ವರ್ಷದ ಮಗಳನ್ನು ನೋಡಿಕೊಳ್ಳಲು ಗುಬ್ಬಿ ತಾಲ್ಲೂಕಿನ ಹಾಗಲವಾಡಿಯಿಂದ ಅತ್ತೆಯೇ ಬರಬೇಕಾಯಿತು.

ಬಂದರು. ಎರಡು ಹಲಸಿನಹಣ್ಣು, ಒಂದು ಡಬ್ಬ ಕೊಬ್ಬರಿ ಎಣ್ಣೆ, ಜೊತೆಗೆ ಊದಿಸಿಕೊಂಡ ಮುಖ ಹೊತ್ತು ಬಂದರು. "ನಮ್ ಸೊಸೆ ಜಾರೋಕ್ ಹೋಗ್ತಾವ್ಳೆ ಕಣವ್ವ, ಮಗೀನ್ ಬುಟ್ಟು," ಎಂದು ಪಕ್ಕದ ಮನೆಯವರಿಗೆ, ಇಂಪನಾಳಿಗೂ ಕೇಳಿಸುವಷ್ಟು ಗಟ್ಟಿಯಾಗಿ ಹೇಳಿದರು. ಅಡುಗೆಮನೆಯಲ್ಲಿ ಪಾಪದ ಪಾತ್ರೆಗಳಿಗೆ ಏಟು ಬೀಳತೊಡಗಿತು. ಸೊಸೆಯೂ ಏನು ಕಡಿಮೆಯವಳಲ್ಲ. ಊಟ ಆಯ್ತಾ, ಹಾಲು ಬಂತಾ, ಇಷ್ಟಕ್ಕೆ ಮಾತು ಮುಗಿಸುತ್ತಿದ್ದಳು.

ಕಾಲಿಗೆ ಸ್ಕೀ ಹಲಗೆ ಕಟ್ಟಿಕೊಂಡು ಹಿಮದಲ್ಲಿ ಮೇಲಕ್ಕೆ ಹತ್ತಲು ಒಂದು ಉಪಾಯವಿದೆ. ಸ್ಕಿನ್ ಎಂಬ ಉದ್ದನೆಯ ಪಟ್ಟಿ. ಅದರ ಒಂದು ಮೈಗೆ ಮಖಮಲ್ಲಿನಂಥ ಸಣ್ಣ ಕೂದಲು. ಆ ಕೂದಲು ಹಿಂದಕ್ಕೆ ಬಾಗಿರುವುದರಿಂದ ಸ್ಕೀ ಮುಂದೆ ಸರಿಯುತ್ತದೆ, ಹಿಂದೆ ಜಾರುವುದಿಲ್ಲ. ಇನ್ನೊಂದು ಮೈಗೆ ಬಲವಾದ ಅಂಟು. ಸ್ಕೀಯ ತಳಕ್ಕೆ ಅಂಟಿಸಿ ಹತ್ತಬೇಕು, ತುದಿ ಮುಟ್ಟಿದ ಮೇಲೆ ಕಿತ್ತು ಚೀಲಕ್ಕೆ ಹಾಕಿ ಜಾರಬೇಕು. ಪಲ್ಲವಿ ತನ್ನ ಹಳೆಯ ಜೊತೆಯೊಂದನ್ನು ಕೊಟ್ಟಿದ್ದಳು. ಇಂಪನಾ ಅದನ್ನು ಮಂಚದ ಮೇಲೆ ಬಿಡಿಸಿಟ್ಟಿದ್ದೇ ತಡ, ಹೊದಿಕೆ ಅಂಟಿತು, ಮಗಳ ಫ್ರಾಕು ಅಂಟಿತು, ಕೊನೆಗೆ ಅತ್ತೆಯ ಸೆರಗೂ ಅಂಟಿತು.

"ಥೂ, ಏನೇ ಇದು ದರಿದ್ರ!"

ಇಂಪನಾ ಪಟ್ಟಿಗಳನ್ನು ಬಾಲ್ಕನಿಯಲ್ಲಿಟ್ಟು ಉಳಿದ ಸಾಮಾನು ತರಲು ಪೇಟೆಗೆ ಹೋದಳು. ಬರುವಷ್ಟರಲ್ಲಿ ಅವು ನೀಟಾಗಿ ಸುತ್ತಿಕೊಂಡು ಬ್ಯಾಗಿನೊಳಗೆ ಸೇರಿದ್ದವು. ಸ್ವೆಟರು, ಸಾಕ್ಸು, ಚಟ್ನಿಪುಡಿ ಎಲ್ಲವನ್ನೂ ಅತ್ತೆ ತಾವೇ ತುಂಬಿಟ್ಟಿದ್ದರು. ಅವಳಿಗೆ ಆಶ್ಚರ್ಯವಾಯಿತು. ಆದರೂ ಬಿಗುಮಾನ ಬಿಟ್ಟು ಒಂದು ಒಳ್ಳೆಯ ಮಾತು ಆಡಲಿಲ್ಲ.

ಎಲ್‌ಬ್ರೂಸಿನಲ್ಲಿ ಮೊದಲ ಕೆಲವು ದಿನ ತೆಳುಗಾಳಿಗೆ ಒಗ್ಗಿಕೊಳ್ಳುವುದರಲ್ಲೇ ಕಳೆದವು. ಕೆಳಗಿನ ಸಣ್ಣ ಏರಿನಲ್ಲಿ ಪಟ್ಟಿಗಳು ಹೇಗೋ ಹಿಡಿದುಕೊಂಡವು. ಹಿಂಬದಿಯಲ್ಲಿ ಬಿಟ್ಟುಕೊಂಡಾಗ, ಹಳೆಯದಲ್ಲವೇ ಎಂದು ಪಲ್ಲವಿ ಟೇಪು ಸುತ್ತಿದಳು. ತುದಿಗೆ ಹೊರಟ ದಿನ, ಬೆಳಕು ಹರಿಯುವ ಹೊತ್ತಿಗೆ, ಕರಿಬಂಡೆಗಳ ಹತ್ತಿರ ಏರು ಕಡಿದಾಯಿತು. ಎಡಗಾಲಿನ ಪಟ್ಟಿ ಟೇಪು ಹರಿದುಕೊಂಡು ಕಳಚಿ ಬಿತ್ತು. ಮತ್ತೆ ಅಂಟಿಸಿದಳು, ಮತ್ತೆ ಬಿತ್ತು. ಅಷ್ಟರಲ್ಲಿ ಬಲಗಾಲಿನದ್ದೂ ಜೋತಾಡಿತು.

"ನಡ್ಕೊಂಡೇ ಬರ್ತೀನಿ," ಎಂದಳು ಇಂಪನಾ.

"ಆಗಲ್ಲ ಕಣೇ. ನಿನಗೋಸ್ಕರ ನಿಂತ್ರೆ ನಾವ್ಯಾರೂ ತುದಿ ಮುಟ್ಟಲ್ಲ. ಒಬ್ಳೇ ಬರೋ ಹಂಗೂ ಇಲ್ಲ, ಮೇಲೆ ಹಿಮದಲ್ಲಿ ಆಳದ ಬಿರುಕುಗಳಿವೆ," ಎಂದಳು ಪಲ್ಲವಿ. ಅವಳ ದನಿಯಲ್ಲೂ ಬೇಸರವಿತ್ತು. "ಬಿಸಿಲು ಬಂದು ಹಿಮ ಮೆತ್ತಗಾಗ್ಲಿ. ಹಿಮದ ಗಾಡಿ ಓಡಾಡೋ ದಾರಿ ಬಿಡದೆ ಕೆಳಗೆ ಜಾರ್ಕೊಂಡು ಹೋಗು. ಸಾರಿ."

ತಂಡ ಮೇಲೆ ಹೋಯಿತು. ಬೇರೆ ತಂಡಗಳವರು ಕೂತು ಚಹಾ ಕುಡಿಯುತ್ತಿದ್ದ ಬಂಡೆಯ ಮರೆಯಲ್ಲಿ ಇಂಪನಾ ಕೂತಳು. ಗೆಳತಿಯರು ಚುಕ್ಕೆಗಳಾಗುವವರೆಗೆ ನೋಡಿದಳು. ಆಮೇಲೆ ಪಟ್ಟಿಯನ್ನು ತಿರುಗಿಸಿದಳು. ಅಂಟಿನ ಮೈಮೇಲೆ ಬೆಳ್ಳಗೆ ಏನೋ ಹೆಪ್ಪುಗಟ್ಟಿತ್ತು. ಉಗುರಿನಲ್ಲಿ ಕೆರೆದು, ಬೆರಳಲ್ಲಿ ತಿಕ್ಕಿ ಮೂಗಿನ ಹತ್ತಿರ ತಂದಳು. ಕೊಬ್ಬರಿ ಎಣ್ಣೆ. ಪುಟ್ಟತಾಯಮ್ಮನ ತುರುಬಿನ ವಾಸನೆ.

ಹಲಸು ಬಿಡಿಸುವ ಮುಂಚೆ ಕೈಗೆ, ಚಾಕುವಿಗೆ ಎಣ್ಣೆ ಯಾಕೆ ಸವರುತ್ತಾರೆಂದು ಹಾಗಲವಾಡಿಯ ಮಕ್ಕಳಿಗೂ ಗೊತ್ತು. ಎಣ್ಣೆ ಸೋಕಿದ ಕಡೆ ಅಂಟು ಹಿಡಿಯುವುದಿಲ್ಲ. ಅಂದರೆ ಗೊತ್ತಿದ್ದೇ ಮಾಡಿದ್ದಾರೆ! ಬಾಯಲ್ಲಿ ಬೇಡ ಅನ್ನಲಾರದೆ ಕೈಯಲ್ಲಿ ಅಂದಿದ್ದಾರೆ. ಅವಳಿಗೆ ಆ ಚಳಿಯಲ್ಲೂ ಮೈ ಕುದಿಯಿತು. ಇನ್ನು ಜಾರುವುದೂ ಬೇಡ, ಮಣ್ಣೂ ಬೇಡ ಅನ್ನಿಸಿತು. ಜನರನ್ನು ಹೊತ್ತು ಇಳಿಸುವ ಟ್ರ್ಯಾಕ್ಟರಿನಂಥ ಹಿಮದ ಗಾಡಿ ಬಂದರೆ ಅದರಲ್ಲೇ ಕೂತು ಹೋಗುವುದೆಂದು ನಿಶ್ಚಯಿಸಿದಳು. ಫೋನಿಗೆ ಸಿಗ್ನಲ್ ಇತ್ತು. ಮನೆಗೆ ಮಾಡಿದಳು. ಮಗಳು ಬೇಸಿಗೆ ಶಿಬಿರಕ್ಕೆ, ಗಂಡ ಡ್ಯೂಟಿಗೆ ಹೋಗಿರುವ ಹೊತ್ತು. ಅತ್ತೆಯೇ ಎತ್ತಿದರು.

"ಇಂಪನಾ! ತುದಿ ಮುಟ್ಟಿದ್ಯೇನವ್ವ?"

"ಇಲ್ಲ. ಆ ಪಟ್ಟಿಗೆ ಎಣ್ಣೆ ಹಚ್ಚಿದ್ದು ನೀವೇನಾ?"

"ಹೂಂ, ನಾನೇ!" ಪುಟ್ಟತಾಯಮ್ಮನ ದನಿಯಲ್ಲಿ ಹೆಮ್ಮೆಯೋ ಹೆಮ್ಮೆ. "ಏನ್ ಜಿಗುಟು ಅಂತೀಯ. ತಿಕ್ಕೀ ತಿಕ್ಕೀ ರಟ್ಟೆ ಬಿದ್ದೋಯ್ತು. ಜಾರೋಕ್ ಹೋಗೋಳ್ಗೆ ಅಂಟು ಯಾಕೆ? ಅದ್ರಲ್ಲಿ ಹೆಂಗ್ ಜಾರ್ತಾಳೆ ಇವ್ಳು ಅಂತ ಪೂರಾ ತೆಗ್ದೆ. ನುಣ್ಣಗಾಗಿತ್ತಲ್ವಾ?"

ಇಂಪನಾ ಬೈಯಲು ಜೋಡಿಸಿಟ್ಟುಕೊಂಡಿದ್ದ ಮಾತುಗಳು ಎಲ್ಲಿ ಹೋದವೋ.

"ಅತ್ತೆ, ಆ ಅಂಟಿಂದ್ಲೇ ಹತ್ತೋದು. ಅದಿಲ್ದೆ ಪಟ್ಟಿ ಕಳಚಿ ಬಿತ್ತು. ಎಲ್ರೂ ಮೇಲ್ ಹೋದ್ರು. ನಾನು ಇಲ್ಲೇ ಕೂತಿದೀನಿ."

ಆ ಕಡೆ ಪಾತ್ರೆಯೊಂದನ್ನು ಕೆಳಗಿಟ್ಟ ಸದ್ದು ಕೇಳಿಸಿತು.

"ಬೇಕಂತ ಮಾಡ್ದೆ ಅಂದ್ಕಂಡ್ಯಾ?" ಎಂದರು ಪುಟ್ಟತಾಯಮ್ಮ.

ಇಲ್ಲ ಅನ್ನಬಹುದಿತ್ತು. ಇಂಪನಾಳಿಗೆ ಸುಳ್ಳು ಹೇಳಲು ಮನಸ್ಸಾಗಲಿಲ್ಲ. "ಹೂಂ ಅತ್ತೆ. ಅಂದ್ಕೊಂಡೆ."

"ಅಂದ್ಕಳೋ ಹಂಗೇ ಆಡಿದ್ದೆ ಬುಡು ನಾನು." ದನಿ ಇಳಿದಿತ್ತು. "ನೀನ್ ಹೋಗೋದು ನಂಗಿಷ್ಟ ಇರ್ಲಿಲ್ಲ, ಅದು ದಿಟ. ಆದ್ರೆ ಹೊಂಟ್ ಮೇಲೆ ನಮ್ ಹುಡ್ಗಿ ಎಲ್ಲಾರ್ಗಿಂತ ಚೆಂದಾಗ್ ಜಾರ್ಲಿ ಅಂತ್ಲೇ ಮಾಡಿದ್ದು ಕಣವ್ವ. ಹಾಳ್ ಮಾಡ್ಬುಟ್ನಾ?"

ಇಂಪನಾ ಮೂಗು ಒರೆಸಿಕೊಂಡಳು. ತುದಿ ತಪ್ಪಿದ್ದು ತಪ್ಪಿತ್ತು, ಆ ಸಂಕಟ ಹಾಗೆಯೇ ಇತ್ತು. ಆದರೆ ಈ ಮುದುಕಿಯ ಮೇಲೆ ಸಿಟ್ಟು ಹುಡುಕಿದರೂ ಸಿಗಲೊಲ್ಲದು.

"ಈಗೇನ್ ಮಾಡ್ತೀಯ?"

"ಗಾಡಿ ಬರುತ್ತೆ. ಕೂತ್ಕೊಂಡು ಇಳೀತೀನಿ."

"ಅಷ್ಟ್ ದೂರ ಹೋಗಿ ಗಾಡೀಲಿ ಕೂತ್ಕಂಡ್ ಬತ್ತೀಯಾ? ಅದ್ಕೆ ನಮ್ಮೂರ್ ಬಸ್ ಸಾಲ್ದಾ? ಇದ್ದಲ್ಲಿಂದ್ಲೇ ಜಾರು. ಫೋನು ಜೇಬಲ್ಲಿಟ್ಕ, ಹೆಂಗೈತೆ ನಾನೂ ಕೇಳ್ತೀನಿ."

ಬಿಸಿಲು ಏರಿತ್ತು. ಗಡುಸಾಗಿದ್ದ ಹಿಮ ಮೇಲೊಂದು ಪದರ ಮೆತ್ತಗಾಗಿ, ದಪ್ಪ ಸಕ್ಕರೆಯ ಹಾಗೆ ಹರಳುಹರಳಾಗಿತ್ತು. ಜಾರುವವರು ಇಂಥ ಹಿಮಕ್ಕೇ ಕಾಯುತ್ತಾರೆ. ಇಂಪನಾ ಪಟ್ಟಿಗಳನ್ನು ಚೀಲಕ್ಕೆ ತುರುಕಿ, ಫೋನನ್ನು ಎದೆಯ ಜೇಬಿನಲ್ಲಿಟ್ಟು, ಸ್ಕೀ ಬಿಗಿದು ಗಾಡಿ ಓಡಾಡುವ ದಾರಿಗಿಳಿದಳು. ಮೊದಲ ತಿರುವನ್ನು ಅಗಲವಾಗಿ, ಹುಷಾರಾಗಿ ತೆಗೆದುಕೊಂಡಳು. ಎರಡನೆಯದರಲ್ಲಿ ಮೈ ಸಡಿಲಾಯಿತು. ಆಮೇಲೆ ಎಣಿಸಲಿಲ್ಲ. ಸ್ಕೀ ಹಿಮವನ್ನು ಸರ್ರೆಂದು ಸೀಳುತ್ತಿತ್ತು, ಗಾಳಿ ಕಿವಿಯಲ್ಲಿ ಕೂಗುತ್ತಿತ್ತು. ಅವಳು ತನಗರಿವಿಲ್ಲದೆ ಹೋ ಎಂದು ಕಿರುಚಿದಳು. ಸುಖವಾಗಿತ್ತು. ಇಷ್ಟು ಸುಖ ಅವಳಿಗೆ ಗುಲ್ಮಾರ್ಗಿನಲ್ಲೂ ಸಿಕ್ಕಿರಲಿಲ್ಲ.

ಕೆಳಗೆ ತಂಡ ತಂಗಿದ್ದ ಗುಡಿಸಲುಗಳ ಹತ್ತಿರ ನಿಂತು, ಏದುಸಿರು ಬಿಡುತ್ತಾ ಫೋನು ತೆಗೆದಳು. "ಮುಗೀತು ಅತ್ತೆ."

"ಇಷ್ಟೇಯಾ? ನಾನಿನ್ನೂ ಕಿವಿ ಕೊಟ್ಟಿದ್ದೆ ಅಷ್ಟೆ. ಸರ್ ಅಂತು, ನೀನ್ ಕಿರುಚ್ದೆ, ಮುಗ್ದೇ ಹೋಯ್ತು. ಇನ್ನೊಂದ್ ಕಿತ ಹತ್ತಿ ಜಾರು."

ಇಂಪನಾಳಿಗೆ ತಡೆದರೂ ನಗು ಬಂತು.

"ಓ..." ಎಂದರು ಪುಟ್ಟತಾಯಮ್ಮ. "ಹತ್ತೋ ಅಂಟು ನಾನೇ ತೆಗ್ದಿವ್ನಲ್ಲ." ದನಿ ಗಟ್ಟಿ ಮಾಡಿಕೊಂಡು ಹೇಳಿದರು: "ಹೊಸ ಅಂಟು ಬಳ್ಕಂಡು ಬರೋ ವರ್ಷ ಹೋಗು. ಮಗೀನ ನಾನ್ ನೋಡ್ಕತೀನಿ. ಮೇಲಿಂದ ಜಾರೋ ಸದ್ದು ನಾನ್ ಕೇಳ್ಬೇಕು."