ಇಲಿಗಳ ಬಸಿರು ತೂಗಿದ ತಕ್ಕಡಿ

ನಾನು ಒಂದು ತಕ್ಕಡಿ. ಕಿರಾಣಿ ಅಂಗಡಿಯಲ್ಲಿ ಬೆಲ್ಲ ತೂಗುವ ಜಾತಿಯಲ್ಲ. ಪ್ರಯೋಗಶಾಲೆಯದು, ಮೂರು ತೋಳಿನದು. ಹುಟ್ಟಿದ್ದು ದೂರದ ಅಂಬಾಲದಲ್ಲಿ. ನನ್ನನ್ನು ಜೋಡಿಸಿದ ದಿನ ಊರಿಗೆ ಊರೇ ಕೆಲಸ ಬಿಟ್ಟು ನೋಡಲು ಬಂದಿತ್ತು. ಕಡಿಮೆಯೆಂದರೂ ಮೇಸ್ತ್ರಿಯ ಹೆಂಡತಿ ಬಂದಿದ್ದಳು, ಬುತ್ತಿ ಹಿಡಿದುಕೊಂಡು. ನನ್ನ ತಟ್ಟೆಯ ಮೇಲೆ ಸೊಳ್ಳೆ ಕೂತರೆ ಅದು ಉಂಡು ಬಂದಿದೆಯೋ ಉಪವಾಸವೋ ಹೇಳಬಲ್ಲೆ. ನನ್ನ ನೇಮ ಒಂದೇ: ತೂಗುವ ಮುಂಚೆ ಮುಳ್ಳು ಸೊನ್ನೆಗೆ ಬಂದು ನಿಲ್ಲಬೇಕು.

ಮೊದಲು ಧಾರವಾಡದ ಒಬ್ಬ ರಸಾಯನಶಾಸ್ತ್ರದ ಮೇಷ್ಟ್ರ ಕೈಗೆ ಬಿದ್ದೆ. ಅವರು ಹತ್ತು ವರ್ಷ ನನ್ನ ಮೇಲೆ ಉಪ್ಪಿಗಿಂತ ನಶ್ಯವನ್ನೇ ಹೆಚ್ಚು ತೂಗಿದರು. ಅಲ್ಲಿಂದ ಒಂದು ಪಶುವೈದ್ಯ ಕಾಲೇಜಿನ ಇಲಿಮನೆಗೆ ಬಂದೆ. ಅಲ್ಲಿ ಸಿಕ್ಕಿದವಳು ಶೈಲಶ್ರೀ ಕಟಗೇರಿ, ನನ್ನಷ್ಟೇ ಹಟಮಾರಿ.

ಅವಳ ಸಂಶೋಧನೆ ಹೀಗಿತ್ತು. ಪ್ರೊಜೆಸ್ಟರಾನ್ ಎಂಬ ಹಾರ್ಮೋನು ಬಸಿರನ್ನು ಹಿಡಿದು ನಿಲ್ಲಿಸುತ್ತದೆ. ಅದಕ್ಕೆ ಅಡ್ಡ ನಿಲ್ಲುವ ಔಷಧವೊಂದಿದೆ; ಬಸ್ಸಿನ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುವವರ ಹಾಗೆ, ಹಾರ್ಮೋನು ಕೂರಬೇಕಾದ ಜಾಗದಲ್ಲಿ ತಾನೇ ಮೊದಲು ಹೋಗಿ ಕೂರುತ್ತದೆ. ಹಾರ್ಮೋನು ನಿಂತೇ ಇರುತ್ತದೆ, ಬಸಿರು ಇಳಿದುಹೋಗುತ್ತದೆ. ಬೇಡದ ಬಸಿರು ನಿಂತ ನಾಯಿಗಳಿಗೆ ಕತ್ತರಿ ಹಾಕದೆ ಪರಿಹಾರ ಕೊಡಬಹುದೇ? ಭ್ರೂಣ ಗರ್ಭಕೋಶಕ್ಕೆ ಅಂಟಿದ ಮೇಲೆ ಎಷ್ಟು ಔಷಧ ಬೇಕು? ಇದನ್ನು ಮೊದಲು ಇಲಿಗಳಲ್ಲಿ ನೋಡಬೇಕಿತ್ತು. ಬಸಿರು ಬೆಳೆದರೆ ತಾಯಿಯ ತೂಕ ಏರುತ್ತದೆ, ಕಳೆದರೆ ನಿಲ್ಲುತ್ತದೆ. ಅಂದರೆ ಇಡೀ ವಿಜ್ಞಾನ ನನ್ನ ತಟ್ಟೆಯ ಮೇಲೆ ಕೂತಿತ್ತು, ನನ್ನ ಮೇಲೆಯೇ ಉಚ್ಚೆ ಹೊಯ್ಯುತ್ತ.

ಇಲಿಗಳ ಎರಡು ತಂಡಗಳ ಕೆಲಸ ಮುಗಿದಾಗ ಜನವರಿ. ಮೊದಲ ತಂಡಕ್ಕೆ ದೊಡ್ಡ ಡೋಸುಗಳನ್ನಷ್ಟೇ ಕೊಟ್ಟಿದ್ದಳು; ಎರಡನೆಯ ತಂಡದಲ್ಲಿ ತೀರ ಸಣ್ಣ ಡೋಸೂ ಬಸಿರನ್ನು ಕಳೆದಿತ್ತು. ಮಾರ್ಗದರ್ಶಕರಾದ ಹಂಚಿನಾಳ ಸರ್ ಎಲ್ಲರಿಗೂ ಪೇಡೆ ಹಂಚಿದರು. ಆದರೆ ಶೈಲಶ್ರೀ ಎರಡೂ ತಂಡಗಳ ತೂಕದ ಗೆರೆಗಳನ್ನು ಒಂದೇ ಹಾಳೆಯಲ್ಲಿ ಎಳೆದಾಗ, ಔಷಧ ಮುಟ್ಟದ ತಾಯಂದಿರ ಗೆರೆಗಳೂ ಕೂಡಲಿಲ್ಲ. ಎರಡನೆಯ ತಂಡದ ಹತ್ತನೆಯ ದಿನದ ತೂಕ ಮೊದಲ ತಂಡದ ಒಂಬತ್ತನೆಯ ದಿನದಷ್ಟೇ ಇತ್ತು.

"ತಕ್ಕಡಿ ಹಾಳಾಗೇತಿ ಅನಸ್ತದ" ಎಂದಳು.

ನನಗೆ. ಈ ಮಾತು. ಹಿತ್ತಾಳೆಯ ತೂಕದ ಬಟ್ಟುಗಳನ್ನು ಒಂದೊಂದಾಗಿ ಇಟ್ಟು ಪರೀಕ್ಷಿಸಿದಳು. ಕೂದಲೆಳೆಯಷ್ಟೂ ತಪ್ಪಲಿಲ್ಲ ನಾನು. ಆಗ ಬಸಿರಿನ ದಿನ ಬರೆದಿಟ್ಟ ಪಂಜರದ ಕಾರ್ಡುಗಳತ್ತ ತಿರುಗಿ, ಇಲಿಮನೆ ನೋಡಿಕೊಳ್ಳುವ ದ್ಯಾಮಣ್ಣನನ್ನು ಕರೆದಳು.

"ದ್ಯಾಮಣ್ಣ, ಇದರ ಮ್ಯಾಲೆ ದಿನಾ ಹ್ಯಾಂಗ ಎಣಿಸಿ ಬರದಿ?"

"ಇಲಿ ಕೂಡ್ಯಾವ, ಸ್ಲೈಡಿನ್ಯಾಗ ವೀರ್ಯ ಕಂಡೈತಿ ಅಂತ ಹೇಳಿ ನೀವು ಪರೀಕ್ಷಾ ಡ್ಯೂಟಿಗೆ ಓಡಿದ್ರಿ ಅಕ್ಕಾರ. ಅವತ್ತಿಗೆ ಒಂದು ಅಂತ ಬರದೆ."

"ಅವತ್ತಿಗೆ ಸೊನ್ನಿ. ಮೊದಲನೇ ತಂಡಕ್ಕ ನಾ ಹಂಗ ಬರದಿದ್ದೆ."

"ಸೊನ್ನೀಲೆ ಯಾರು ಎಣಿಸ್ತಾರ್ರಿ? ಕೂಸು ಹುಟ್ಟಿದ ದಿನಾನ ಒಂದು. ಇಲ್ಲಾಂದ್ರ ಹದಿಮೂರಕ್ಕ ತೊಟ್ಟಲಕ್ಕ ಹಾಕೂದು ಹದಿನಾಕಕ್ಕ ಹೋಗ್ತದ."

ಅವಳು ಸ್ಟೂಲಿನ ಮೇಲೆ ಕೂತುಬಿಟ್ಟಳು. ಔಷಧ ಕೊಡಬೇಕಾದದ್ದು ಐದನೆಯ ದಿನ; ಕಾರ್ಡಿನ ಐದು ನಿಜಕ್ಕೆ ನಾಲ್ಕು. ಭ್ರೂಣ ಅಂಟುವ ಮುಂಚೆಯೇ ಔಷಧ ಹೋಗಿತ್ತು. ಸಣ್ಣ ಡೋಸು ಅಂಟಿದ್ದನ್ನು ಬಿಡಿಸಿರಲಿಲ್ಲ, ಅಂಟುವುದನ್ನೇ ತಡೆದಿತ್ತು. ಅವಳು ಕೇಳಿದ ಪ್ರಶ್ನೆಗೆ ಅದು ಉತ್ತರವೇ ಅಲ್ಲ.

ಹಂಚಿನಾಳ ಸರ್ ಕನ್ನಡಕ ಒರೆಸುತ್ತ ಕೇಳಿದರು, "ಒಂದ ದಿನಾ ಹೆಚ್ಚುಕಮ್ಮಿ ಆದ್ರ ಯಾರಿಗೆ ಗೊತ್ತಾಗ್ತದವಾ? ಮಾರ್ಚ್ ಕಡೀಕ ಪ್ರಬಂಧ ಕೊಡದಿದ್ರ ನಿನ್ನ ರಿಜಿಸ್ಟ್ರೇಷನ್ನ ಹೋತು. ಐದು ವರ್ಷ ನೀರಾಗ."

"ಇದನ್ನ ನಂಬಿ ಯಾರರೆ ನಾಯಿಗೆ ಇಷ್ಟ ಸಣ್ಣ ಡೋಸು ಕೊಟ್ರ ಬಸರು ಹಂಗ ಉಳದು ಮರಿ ಹಾಕ್ತದ ಸರ್. ಆಗ ನನ್ನ ಬೈತಾರ."

"ಬೈಯಾಕರೆ ನಿನ್ನ ಪ್ರಬಂಧ ಓದಬೇಕಲ್ಲ."

"ಓದ್ತಾರಂತ ತಿಳದ ಬರಿಯಾಕತ್ತೀನ್ರಿ. ಮತ್ತ ಮಾಡ್ತೀನಿ."

ಪ್ರಾಣಿಪ್ರಯೋಗ ಸಮಿತಿಯ ಒಪ್ಪಿಗೆ ತಂದಳು. ಹೊಸ ಇಪ್ಪತ್ತನಾಲ್ಕು ಇಲಿಗಳು. ದಿನಾ ಮುಂಜಾನೆ ಏಳಕ್ಕೆ ತೂಕ, ಭಾನುವಾರವೂ, ಜ್ವರ ಬಂದ ದಿನವೂ. ನಾನು ಆ ಐದು ವಾರಗಳಲ್ಲಿ ಲಕ್ಷ ಸಲ ತೂಗಿದೆ. ಅವಳ ಪುಸ್ತಕದಲ್ಲಿ ಐನೂರು ಚಿಲ್ಲರೆ ಎಂದಿದೆ, ಅವಳಿಗೆ ಬರೆಯಲು ಬಿಡುವಿರಲಿಲ್ಲ. ದ್ಯಾಮಣ್ಣ ಪ್ರತಿ ಕಾರ್ಡಿಗೂ ರೊಟ್ಟಿಯಷ್ಟು ದೊಡ್ಡ ಸೊನ್ನೆ ಬರೆದ.

ದೊಡ್ಡ ಡೋಸಿನ ತಾಯಂದಿರ ತೂಕ ಏರುವುದು ನಿಂತಿತು. ಸಣ್ಣ ಡೋಸಿನವರ ತೂಕ ಏರುತ್ತಲೇ ಹೋಯಿತು. ಇಪ್ಪತ್ತೆರಡನೆಯ ದಿನ ಆ ಪಂಜರಗಳಲ್ಲಿ ಕೆಂಪು ಕಡಲೆಬೀಜದಂಥ ಮರಿಗಳು ಹೊರಳಾಡುತ್ತಿದ್ದವು. ಹಂಚಿನಾಳ ಸರ್ ಬಗ್ಗಿ ನೋಡಿ, "ಪೇಡೆ ದಂಡ ಆತು ನೋಡು" ಎಂದು ತೂಕದ ಪುಸ್ತಕಕ್ಕೆ ಸಹಿ ಹಾಕಿದರು. ಸಣ್ಣ ಡೋಸು ಸಾಲದು ಎಂದು ಶೈಲಶ್ರೀ ಪ್ರಬಂಧದಲ್ಲಿ ಬರೆದಳು. ಎಣಿಕೆ ತಪ್ಪಿದ್ದನ್ನೂ ಮುಚ್ಚಿಡದೆ ಒಂದು ಪುಟ ಬರೆದಳು. ಅದನ್ನು ಒಪ್ಪಿಸಿದಾಗ ಗಡುವಿಗೆ ಎರಡು ದಿನ ಉಳಿದಿತ್ತು.

ಈಗ ಗುಂಡಿ ಒತ್ತಿದರೆ ಅಂಕಿ ಹೊಳೆಯುವ ಯಂತ್ರ ಬಂದಿದೆ. ನಾನು ಕಪಾಟಿನ ಮೇಲೆ, ಹಳೆಯ ಕ್ಯಾಲೆಂಡರುಗಳ ಪಕ್ಕ. ದ್ಯಾಮಣ್ಣ ನಿವೃತ್ತನಾಗುವ ದಿನ ನನ್ನನ್ನು ಇಳಿಸಿ, ಧೂಳು ಒರೆಸಿ, ತಿರುಪು ತಿರುಗಿಸಿ ಮುಳ್ಳನ್ನು ಸೊನ್ನೆಗೆ ತಂದ.

ಹೊಸ ವಿದ್ಯಾರ್ಥಿನಿಯೊಬ್ಬಳು ನಕ್ಕಳು. "ಕಾಕಾ, ಅದರಾಗ ಯಾರೂ ತೂಗಂಗಿಲ್ಲಲ್ಲ?"

"ನಾಳೆ ಯಾರರೆ ಏನರೆ ಇಟ್ರ?" ಎಂದ ದ್ಯಾಮಣ್ಣ, ಮತ್ತೆ ಮೇಲಿಟ್ಟ.

ಅಂದಿನಿಂದ ಹಲ್ಲಿ ಓಡಾಡಿದೆ, ಜೇಡ ಮನೆ ಕಟ್ಟಿದೆ. ಅವೆಲ್ಲದರ ತೂಕ ನನಗೆ ಗೊತ್ತು. ಅವು ಇಳಿದು ಹೋದಾಗಲೆಲ್ಲ ಮುಳ್ಳನ್ನು ಸೊನ್ನೆಗೆ ತಂದು ನಿಲ್ಲಿಸುತ್ತೇನೆ.